ಘಾಟಿ ರೋಡಲ್ಲಿ ನಾಲ್ಕು ದಿನ, ಮತ್ತು ಅಪ್ಪನ ಸೈಕಲ್ಲು

ಮೊನ್ನೆ ಆಗುಂಬೆ ತಿರುವಲ್ಲಿ ತೆಗೆದ ಒಂದು ಫೋಟೋ ಹಾಕಿದ್ದೆ. ಹಿಂದೆ ಬೆಟ್ಟ, ಮುಂದೆ ನಮ್ಮ ಮೂರು ಬೈಕು, ನಡುವೆ ನಾಲ್ಕು ಜನ ಹಲ್ಲು ಕಿರಿದುಕೊಂಡು ನಿಂತಿದ್ವಿ. ಲೈಕ್ ಬೇಜಾನ್ ಬಿದ್ವು. ಜೊತೆಗೆ ಒಂದು ಕಾಮೆಂಟೂ ಬಂತು. ಬರೆದವರು ಹೊರಗಿನವರಲ್ಲ, ನನಗಿಂತ ಇಪ್ಪತ್ತು ವರ್ಷ ಮೊದಲೇ ಚಳವಳಿಗೆ ಬಂದ ಹಿರಿಯ ಸಂಗಾತಿ. "ಏನಪ್ಪಾ, ಸ್ಮಶಾನಕ್ಕೆ ಜಾಗ ಕೊಡಿ ಅಂತ ಮೊನ್ನೆ ತಾನೇ ಡಿಸಿ ಆಫೀಸ್ ಮುಂದೆ ಕೂತಿದ್ದೆ. ಈಗ ಘಾಟಿ ಸುತ್ತುತಾ ಇದ್ದೀಯಾ? ಈ ಶೋಕಿ ನಮಗ್ಯಾಕೆ?"

ಅಲ್ಲಿ ಒಂದು ಸ್ಮೈಲಿ ಹಾಕಿ ಸುಮ್ಮನಾದೆ. ಆದರೆ ಪ್ರಶ್ನೆ ತಲೆಯಿಂದ ಹೋಗಲಿಲ್ಲ. ಅಣ್ಣಾ, ಉತ್ತರ ಉದ್ದ ಇದೆ. ಬೇರೆಯವರೂ ಇದೇ ಕೇಳಬಹುದು ಅಂತ ಎಲ್ಲರ ಮುಂದೆಯೇ ಬರೀತಿದ್ದೀನಿ.

ಮೊದಲು ಬಾಬಾಸಾಹೇಬರ ಹತ್ತಿರವೇ ಹೋಗೋಣ. 1934ರಲ್ಲಿ ಚಳವಳಿಯ ಜೊತೆಗಾರರಿಗೆ ಎಲ್ಲಾದರೂ ಪ್ರವಾಸ ಹೋಗಿ ಬರಬೇಕು ಅನ್ನಿಸಿತು. ಬಾಬಾಸಾಹೇಬರು ಜೊತೆಗೆ ಬರೋಕೆ ಒಪ್ಪಿದರು. ವೇರೂಳದ, ಅಂದರೆ ಎಲ್ಲೋರದ ಬೌದ್ಧ ಗುಹೆಗಳನ್ನ ನೋಡಲೇಬೇಕು ಅಂತ ತೀರ್ಮಾನ ಆಯ್ತು. ಸುಮಾರು ಮೂವತ್ತು ಜನ ಹೊರಟರು. ಮಹಾಡ್ ಕೆರೆಯ ಹೋರಾಟ ಮಾಡಿದ್ದ, ದುಂಡುಮೇಜಿನ ಸಭೆಗೆ ಹೋಗಿ ಬಂದಿದ್ದ ಮನುಷ್ಯ ಜೊತೆಗಾರರನ್ನ ಕಟ್ಟಿಕೊಂಡು ಊರು ನೋಡೋಕೆ ಹೋದರು. ಅದು ಶೋಕಿನಾ?

ದಾರಿಯಲ್ಲಿ ದೌಲತಾಬಾದ್ ಕೋಟೆ. ಬಾಗಿಲ ಹತ್ತಿರ ಇದ್ದ ಕೊಳದ ನೀರಲ್ಲಿ ಧೂಳು ಹಿಡಿದ ಮುಖ, ಕಾಲು ತೊಳೆದುಕೊಂಡರು. ಕೆರೆ ಮೈಲಿಗೆ ಆಯ್ತು ಅಂತ ಜನ ಸೇರಿ ಬಾಯಿಗೆ ಬಂದಂಗೆ ಬೈದರು. ಕೊನೆಗೆ ಒಳಗೆ ಬಿಟ್ಟರು, ಆದರೆ ಎಲ್ಲೂ ನೀರು ಮುಟ್ಟದ ಹಾಗೆ ನೋಡಿಕೊಳ್ಳೋಕೆ ಒಬ್ಬ ಸೈನಿಕನನ್ನ ಜೊತೆಗೆ ಕಳಿಸಿದರು.

'ವೇಟಿಂಗ್ ಫಾರ್ ಎ ವೀಸಾ' ಓದಿದವರಿಗೆ ಇದು ಗೊತ್ತು. ಆ ಪುಸ್ತಕದ ಅನುಭವಗಳಲ್ಲಿ ಬಹುಪಾಲು ಪ್ರಯಾಣದ್ದೇ. 1901ರಲ್ಲಿ ಮಸೂರ್ ಸ್ಟೇಷನ್ನಲ್ಲಿ ಇಳಿದ ಹುಡುಗರಿಗೆ ಎತ್ತಿನ ಗಾಡಿ ಸಿಗಲಿಲ್ಲ. ಎರಡು ಪಟ್ಟು ಬಾಡಿಗೆ ಕೊಟ್ಟು ಗಾಡಿಯನ್ನ ತಾವೇ ಹೊಡೆದುಕೊಂಡು ಹೋಗಬೇಕಾಯ್ತು, ಗಾಡಿಯವನು ಪಕ್ಕದಲ್ಲಿ ನಡೆದುಕೊಂಡು ಬಂದ. 1929ರಲ್ಲಿ ಚಾಳೀಸ್‌ಗಾಂವ್‌ನಲ್ಲಿ ಟಾಂಗಾದವರು ಒಪ್ಪಲಿಲ್ಲ. ಟಾಂಗಾ ಹೊಡೆದು ಅಭ್ಯಾಸವೇ ಇಲ್ಲದ ನಮ್ಮವರೊಬ್ಬರು ಹಗ್ಗ ಹಿಡಿದರು, ಮೋರಿ ಮೇಲೆ ಗಾಡಿ ಸಿಕ್ಕಿ ಬಾಬಾಸಾಹೇಬರು ಕಲ್ಲಿನ ಮೇಲೆ ಬಿದ್ದು ಕಾಲು ಮುರಿಯಿತು. ಜಾತಿ ಅನ್ನೋದು ಯಾವಾಗಲೂ ದಾರಿಯಲ್ಲೇ, ಚಕ್ರದ ಹತ್ತಿರವೇ ಕಾಯ್ತಾ ಕೂತಿರುತ್ತೆ.

ನಮ್ಮ ಮನೆ ಕಥೆಯೂ ಅದೇ. ನಮ್ಮಪ್ಪ ತಾಲ್ಲೂಕು ಆಫೀಸಲ್ಲಿ ಅಟೆಂಡರ್. ಕೇರಿಯಲ್ಲಿ ಮೊದಲು ಸೈಕಲ್ ತಗೊಂಡೋರು ಅವರೇ. ಬೆಳಗ್ಗೆ ಕೇರಿಯಲ್ಲಿ ಹತ್ತೋರು, ಊರ ಬಾಗಿಲು ಬಂತು ಅಂದ್ರೆ ಇಳಿಯೋರು. ದೊಡ್ಡ ಬೀದಿ ದಾಟೋವರೆಗೆ ತಳ್ಳಿಕೊಂಡು ಹೋಗಿ, ಆಚೆ ಮತ್ತೆ ಹತ್ತೋರು. ನಾನು ಚಿಕ್ಕವನು, ಕ್ಯಾರಿಯರ್ ಮೇಲೆ ಕೂತಿರ್ತಿದ್ದೆ. "ಯಾಕಪ್ಪ ಇಳಿದೆ?" ಅಂದ್ರೆ "ಇಲ್ಲಿ ರಸ್ತೆ ಸರಿ ಇಲ್ಲ ಮಗ" ಅನ್ನೋರು. ಇಡೀ ಊರಲ್ಲಿ ಕಲ್ಲು ಹಾಸಿದ್ದ ರಸ್ತೆ ಅದೊಂದೇ! ಅದು ನನಗೆ ಹೈಸ್ಕೂಲಿಗೆ ಬಂದಮೇಲೆ ಹೊಳೀತು.

ಇದೆಲ್ಲ ಹಳೇ ಕಾಲದ್ದು ಅನ್ನೋರು ಒಂದು ವಿಷಯ ನೋಡಿ. ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಆಯ್ತು. ಸಾರ್ವಜನಿಕ ಜಾಗದಲ್ಲಿ ದಲಿತರು, ಆದಿವಾಸಿಗಳು ಸೈಕಲ್ ಅಥವಾ ಮೋಟಾರ್ ಸೈಕಲ್ ಓಡಿಸೋದಕ್ಕೆ, ಚಪ್ಪಲಿ ಮೆಟ್ಟೋದಕ್ಕೆ, ಹೊಸ ಬಟ್ಟೆ ಹಾಕೋದಕ್ಕೆ ಅಡ್ಡಿ ಮಾಡಿದರೆ ಅಪರಾಧ ಅಂತ ಸೆಕ್ಷನ್ 3ರಲ್ಲಿ ಸೇರಿಸಿದರು. ಮಂಗಳಯಾನ ಮಂಗಳನ ಕಕ್ಷೆ ಸೇರಿದ್ದು 2014ರಲ್ಲಿ. ಅದಾದ ಮರುವರ್ಷ ಈ ದೇಶದ ಪಾರ್ಲಿಮೆಂಟು 'ಮೋಟಾರ್ ಸೈಕಲ್' ಅನ್ನೋ ಪದವನ್ನ ಜಾತಿ ದೌರ್ಜನ್ಯದ ಕಾಯ್ದೆಯಲ್ಲಿ ಬರೆಯಬೇಕಾಯ್ತು. ನಮ್ಮವನೊಬ್ಬ ಬೈಕ್ ಮೇಲೆ ಆರಾಮಾಗಿ ಕೂತಿರೋದು ಕೆಲವರ ಕಣ್ಣಿಗೆ ಎಷ್ಟು ಚುಚ್ಚುತ್ತೆ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಾ?

ಈಗ ಪ್ರಯಾಣಕ್ಕೆ ಬರ್ತೀನಿ. ಒಂದು ಹಳೇ ಬುಲೆಟ್, ಒಂದು ಪಲ್ಸರ್, ಒಂದು ಸ್ಪ್ಲೆಂಡರ್. ನಾನು, ಒಬ್ಬ ಪಿಯು ಲೆಕ್ಚರರ್, ಪೌರಕಾರ್ಮಿಕರ ಸಂಘಟನೆಯ ಒಬ್ಬ ಹುಡುಗ, ನರ್ಸ್ ಆಗಿರೋ ನಮ್ಮ ತಂಗಿ. ತುಮಕೂರು ಬಿಟ್ಟು ತಿಪಟೂರು, ಅರಸೀಕೆರೆ, ಬೇಲೂರು ಹಾದು ಮೂಡಿಗೆರೆ. ಕೊಟ್ಟಿಗೆಹಾರ, ಕಳಸ, ಕುದುರೆಮುಖ, ಶೃಂಗೇರಿ, ಆಗುಂಬೆ, ತೀರ್ಥಹಳ್ಳಿ. ವಾಪಸ್ ಬರುವಾಗ ಕೊಪ್ಪ, ಬಾಳೆಹೊನ್ನೂರು, ಆಲ್ದೂರು, ಚಿಕ್ಕಮಗಳೂರು. ಏಳುನೂರು ಕಿಲೋಮೀಟರ್ ಹತ್ತಿರ.

ಚೆಂದ ಇತ್ತಾ? ಇತ್ತು ಅಣ್ಣಾ, ಸುಳ್ಳು ಹೇಳಲ್ಲ. ಬಯಲುಸೀಮೆಯಲ್ಲಿ ಹುಟ್ಟಿದ ನಮಗೆ ಬೇಲೂರು ದಾಟಿ ರಸ್ತೆ ಬಳುಕೋಕೆ ಶುರು ಆದಾಗ ಎದೆಯೊಳಗೆ ಏನೋ ಸಡಿಲ ಆಯ್ತು. ಡಿಸೆಂಬರ್ ಚಳಿ, ಕೊಟ್ಟಿಗೆಹಾರದ ನೀರುದೋಸೆ, ಕಳಸದ ದಾರಿಯಲ್ಲಿ ಹೆಲ್ಮೆಟ್ ಒಳಗೂ ನುಗ್ಗೋ ಕಾಡಿನ ವಾಸನೆ. ಕುದುರೆಮುಖದ ಚೆಕ್‌ಪೋಸ್ಟಿಗೆ ಮುಂಚೆ ತಂಗಿ ಪಲ್ಸರ್ ಹ್ಯಾಂಡಲ್ ಕಿತ್ತುಕೊಂಡಳು. ಆಚೆ ಬಂದು ಇಳಿದಾಗ ಅವಳು ಹೇಳಿದ್ದು: "ಅಣ್ಣ, ಹುಟ್ಟಿದಾಗಿನಿಂದ ಕೆಲಸ ಇಲ್ಲದೆ ನಾನು ಎಲ್ಲಿಗೂ ಹೋಗಿರಲಿಲ್ಲ." ನಮ್ಮ ಜನ ರಸ್ತೆಗೆ ಇಳಿದಿದ್ದು ಕೂಲಿಗೆ, ಗುಳೆಗೆ, ಆಸ್ಪತ್ರೆಗೆ, ಜಾಥಾಕ್ಕೆ. ಸುಮ್ಮನೆ ನೋಡೋಕೆ ಅಂತ ಹೋಗಿದ್ದು ಎಷ್ಟು ಜನ?

ಎರಡನೇ ದಿನ ಬೆಳಗ್ಗೆ ಮೂಡಿಗೆರೆ ಹತ್ತಿರ ಒಂದು ತಿರುವಲ್ಲಿ ನಿಲ್ಲಿಸಿದ್ವಿ. ಅರೇಬಿಕಾ ಕೊಯ್ಲಿನ ಸಮಯ, ಗಿಡ ತುಂಬಾ ಕೆಂಪು ಹಣ್ಣು. ಕೆಳಗೆ ಕಣಿವೆ, ಮಂಜು. ಚೌಕಟ್ಟಿನ ಎಡಗಡೆ ಒಂದು ಸಾಲು ಲೈನ್ ಮನೆ, ತಗಡಿನ ಮೇಲೆ ಪ್ಲಾಸ್ಟಿಕ್ ಟಾರ್ಪಾಲು. ನಾನು ಏನು ಮಾಡಿದೆ ಗೊತ್ತಾ? ಮೊಬೈಲನ್ನ ಬಲಕ್ಕೆ ತಿರುಗಿಸಿದೆ. ಲೈನ್ ಮನೆ ಬಂದರೆ ಫೋಟೋ ಕೆಡುತ್ತೆ ಅಂತ! ಕ್ಲಿಕ್ ಮಾಡಿದ ಮೇಲೆ ನಾಚಿಕೆ ಆಯ್ತು. ಕಾಫಿ ಟೂರಿಸಂ ಜಾಹೀರಾತು ಮಾಡೋದೂ ಇದನ್ನೇ ಅಲ್ವಾ?

ಅಲ್ಲೇ ಬಕೆಟ್ ಹಿಡಿದುಕೊಂಡು ಬಂದ ಒಬ್ಬ ಅಮ್ಮನ ಹತ್ತಿರ ಮಾತಿಗೆ ನಿಂತ್ವಿ. ಅವರ ತಾಯಿಯೂ ಅದೇ ಲೈನ್‌ನಲ್ಲಿ ಇದ್ದೋರಂತೆ. ಮೂರು ತಲೆಮಾರು ಆದ್ರೂ ಮನೆ ತೋಟದ್ದು. ಕೆಲಸ ಬಿಟ್ಟ ದಿನ ಮನೆಯನ್ನೂ ಬಿಡಬೇಕು. ಮನೆ, ಕುಡಿಯೋ ನೀರು, ಮಕ್ಕಳಿಗೆ ಶಿಶುವಿಹಾರ ಮಾಲೀಕನ ಹೊಣೆ ಅಂತ 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಅವರು ನೀರು ತರ್ತಾ ಇದ್ದಿದ್ದು ಬಕೆಟ್‌ನಲ್ಲಿ. ಮೂಡಿಗೆರೆ ಎಸ್ಸಿ ಮೀಸಲು ಕ್ಷೇತ್ರ. ಪಕ್ಕದ ಸಕಲೇಶಪುರವೂ ಅಷ್ಟೇ. ಎಂಎಲ್ಎ ಸೀಟು ನಮ್ಮದು, ತೋಟ ಯಾರದ್ದು?

ಎದುರಿನ ಬೆಟ್ಟದ ವ್ಯೂ ಪಾಯಿಂಟ್ ತೋರಿಸಿ "ಅಲ್ಲಿಗೆ ಹೋಗಿದ್ದೀರಾ ಅಮ್ಮ?" ಅಂದೆ. ನಕ್ಕರು. "ಇಲ್ಲೇ ಹುಟ್ಟಿದ್ದು. ಅಲ್ಲಿಗೆ ಯಾವತ್ತೂ ಹೋಗಿಲ್ಲ. ಭಾನುವಾರ ಸಂತೆಗೆ ಹೋಗ್ತೀವಿ, ಅಷ್ಟೇ." ನಾವು ಯಾವ ಕೆಲಸದ ಮೇಲೆ ಬಂದಿದ್ದು ಅಂತ ಅವರೂ ಕೇಳಿದರು. ಕೆಲಸ ಏನಿಲ್ಲ, ಸುಮ್ಮನೆ ನೋಡೋಕೆ ಅಂದ್ವಿ. ಅವರಿಗೆ ಕೋಪ ಬರುತ್ತೆ ಅಂದುಕೊಂಡಿದ್ದೆ. "ಒಳ್ಳೇದು, ನೋಡ್ಕಂಡ್ ಬರ್ರಪ್ಪ. ನಮ್ಮ ಮಕ್ಕಳೂ ಹಂಗೆ ತಿರುಗೋ ಹಂಗಾಗ್ಲಿ" ಅಂದರು. ಅಣ್ಣಾ, ನಿಮ್ಮ ಕಾಮೆಂಟ್ ಓದಿದಾಗ ನನಗೆ ನೆನಪಾಗಿದ್ದು ಆ ಅಮ್ಮನ ಮಾತು.

ಅವತ್ತು ಸಂಜೆ ಇನ್ನೊಂದು ಪಾಠ ಆಯ್ತು. ಲೆಕ್ಚರರ್ ಫೋನಲ್ಲಿ ಎರಡು ರೂಮು ಬುಕ್ ಮಾಡಿದ್ದ ಒಂದು ಹೋಂಸ್ಟೇ. ಊರು, ಹೆಸರು ಬೇಡ. ಮಾಲೀಕರು ನಗ್ತಾ ಬಂದರು, ಕಾಫಿ ತರಿಸ್ತೀನಿ ಅಂದರು. ಆಮೇಲೆ ಬುಲೆಟ್ ಟ್ಯಾಂಕ್ ಮೇಲಿನ ಬಾಬಾಸಾಹೇಬರ ಸ್ಟಿಕ್ಕರ್ ಕಣ್ಣಿಗೆ ಬಿತ್ತು. "ತುಮಕೂರಲ್ಲಿ ಎಲ್ಲಿ? ಯಾರ ಪೈಕಿ?" ಅಂತ ಶುರು ಆಯ್ತು. ಪೌರಕಾರ್ಮಿಕರ ಹುಡುಗ ಮುಚ್ಚುಮರೆ ಇಲ್ಲದೆ ಹೇಳಿದ. ಅವರು ಒಳಗೆ ಹೋದರು. ಕಾಫಿ ಬರಲಿಲ್ಲ, ಕೆಲಸದ ಹುಡುಗ ಬಂದ. "ಸಾರ್, ಫ್ಯಾಮಿಲಿ ಗ್ರೂಪ್ ಬರ್ತಾ ಇದೆಯಂತೆ, ರೂಮ್ ಇಲ್ವಂತೆ." ಅಂಗಳದಲ್ಲಿ ಬೇರೆ ಒಂದು ಗಾಡಿಯೂ ಇರಲಿಲ್ಲ.

ಜಾತಿ ಹೆಸರು ಅವರ ಬಾಯಲ್ಲಿ ಬರಲಿಲ್ಲ. ಕೇಸು ನಿಲ್ಲದೇ ಇರೋದು ಅಲ್ಲೇ. ಊರೂರು ತಿರುಗಿ ಕಾನೂನು ಹೇಳಿಕೊಡೋ ನಾನು ಆವತ್ತು ಏನು ಮಾಡಿದೆ? ಮೊಬೈಲ್ ತೆಗೆದು ರೆಕಾರ್ಡ್ ಕೂಡ ಮಾಡಲಿಲ್ಲ. ಸುಸ್ತಾಗಿತ್ತು, ಕತ್ತಲಾಗ್ತಿತ್ತು, ಜೊತೆಗೆ ತಂಗಿ ಇದ್ದಳು. ಹೆಲ್ಮೆಟ್ ಹಾಕಿಕೊಂಡು ಹೊರಟ್ವಿ. ಇಪ್ಪತ್ತು ಕಿಲೋಮೀಟರ್ ಘಾಟಿ ಕತ್ತಲಲ್ಲಿ ಇಳಿದು ಪೇಟೆಯ ಲಾಡ್ಜ್ ಸೇರೋವರೆಗೆ ಯಾರೂ ಮಾತಾಡಲಿಲ್ಲ. ನನಗೆ ಕಣ್ಣ ಮುಂದೆ ಬರ್ತಿದ್ದಿದ್ದು ಅಪ್ಪ, ಸೈಕಲ್ ತಳ್ಳಿಕೊಂಡು ಹೋಗ್ತಾ ಇರೋ ಅಪ್ಪ. ಅವರು ಯಾಕೆ ಜಗಳ ಮಾಡಲಿಲ್ಲ ಅಂತ ಎಷ್ಟೋ ವರ್ಷ ಕೋಪ ಇಟ್ಟುಕೊಂಡಿದ್ದೆ. ಆವತ್ತು ಆ ಕೋಪ ಇಳೀತು.

ಎಲ್ಲರೂ ಹಾಗೇ ಅಂತ ಹೇಳ್ತಿಲ್ಲ. ಮರುದಿನ ಆಗುಂಬೆ ಹಾದಿಯಲ್ಲಿ ಸ್ಪ್ಲೆಂಡರ್ ಪಂಕ್ಚರ್ ಆದಾಗ ಒಬ್ಬ ಹುಡುಗ ತನ್ನ ಗಾಡಿ ನಿಲ್ಲಿಸಿ, ಚಕ್ರ ಬಿಚ್ಚಿಕೊಂಡು ಹೋಗಿ ರಿಪೇರಿ ಮಾಡಿಸಿಕೊಂಡು ತಂದ. ಕಾಸು ತಗೊಳ್ಳಲಿಲ್ಲ, ಜಾತಿಯೂ ಕೇಳಲಿಲ್ಲ. ಆದರೆ ಎದುರಿಗೆ ಸಿಗೋ ಮನುಷ್ಯ ಒಳ್ಳೆಯವನಾಗಿರಲಿ ಅಂತ ಬೇಡಿಕೊಂಡೇ ನಾವು ಪ್ರತಿ ಸಲ ಹೊರಡಬೇಕಾ? ಸಂವಿಧಾನದ 15ನೇ ವಿಧಿ ಹೋಟೆಲು, ಕೆರೆ, ಬಾವಿ ಜೊತೆಗೆ ರಸ್ತೆಯನ್ನೂ ಹೆಸರಿಟ್ಟು ಹೇಳುತ್ತೆ. ಅದು ಹಕ್ಕು, ಯಾರದ್ದೋ ಒಳ್ಳೆಯತನ ಅಲ್ಲ.

ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವು. ಸೋಮೇಶ್ವರದ ಕಡೆಗೆ ಇಳಿದು ಮತ್ತೆ ಹತ್ತಿದ್ವಿ. ಘಾಟಿಯಲ್ಲಿ ಒಂದು ರೂಲ್ ಇದೆ: ಹತ್ತೋ ಗಾಡಿಗೆ ಇಳಿಯೋ ಗಾಡಿ ದಾರಿ ಬಿಡಬೇಕು. ಹತ್ತೋನು ಒಂದ್ಸಲ ನಿಂತರೆ ಮತ್ತೆ ಎಳೆಯೋದು ಕಷ್ಟ, ಇಳಿಯೋನಿಗೆ ಏನೂ ನಷ್ಟ ಇಲ್ಲ. ಅಲ್ಲಿ ಯಾರೂ 'ಮೆರಿಟ್' ಅಂತ ಹಾರ್ನ್ ಹೊಡೆಯಲ್ಲ. ಮೀಸಲಾತಿ ಬಗ್ಗೆ ಇದಕ್ಕಿಂತ ಸರಳವಾಗಿ ಹೇಳೋಕೆ ನನಗಂತೂ ಬರಲ್ಲ.

ತೀರ್ಥಹಳ್ಳಿ ಕಡೆ ಬರುವಾಗ ನಾಯಿಗುತ್ತಿ ನೆನಪಾದ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಬಂದಿದ್ದು 1967ರಲ್ಲಿ. ಅದರ ಶುರುವಿನಲ್ಲೇ ದಾರಿ ಹಿಡಿದು ಹೊರಟಿರೋನು ಸಿಂಬಾವಿ ಹೆಗ್ಗಡೆಯವರ ಹೊಲೆಯಾಳು ಗುತ್ತಿ, ಜೊತೆಗೆ ಅವನ ನಾಯಿ ಹುಲಿಯ. ಒಡೆಯರ ಕೆಲಸದ ಮೇಲೆ ಓಡಾಡಿದ, ತಿಮ್ಮಿಯನ್ನ ಕರೆದುಕೊಂಡು ಓಡಿದ, ಮಳೆಗಾಲದ ಹೊಳೆ ದಾಟಿದ. ಇವತ್ತು ಯಾರ್ಯಾರೋ ಸೀನರಿ ಅಂತ ಹಾಡಿ ಹೊಗಳೋ ಈ ದಾರಿಗಳನ್ನ ನಮ್ಮವರು ಬರಿಗಾಲಲ್ಲಿ ಸವೆಸಿದ್ದಾರೆ. ಇದು ನಮಗೆ ಹೊಸ ಜಾಗ ಅಲ್ಲ.

ಹಾಗಾಗಿ ಅಣ್ಣಾ, ಸ್ಮಶಾನದ ಹೋರಾಟಕ್ಕೂ ಈ ಪ್ರವಾಸಕ್ಕೂ ನನಗೆ ವಿರೋಧ ಕಾಣ್ತಿಲ್ಲ. ಸತ್ತಾಗ ಮಲಗೋಕೆ ಜಾಗ ಕೇಳೋ ನಾವು, ಬದುಕಿದ್ದಾಗ ಓಡಾಡೋಕೆ ಜಾಗ ಕೇಳಬಾರದಾ? ನಮ್ಮ ಹುಡುಗರಿಗೆ ನಾವು ಬರೀ ನೋವನ್ನೇ ಕೊಟ್ಟರೆ ಅವರು ಎಷ್ಟು ದಿನ ಜೊತೆಗೆ ಇರ್ತಾರೆ?

ಓದಿದ ತಮ್ಮ ತಂಗಿಯರಿಗೆ ಒಂದು ಮಾತು. ಹೋಗಿ. ಸ್ಪ್ಲೆಂಡರ್ ಸಾಕು. ಇಳಿಜಾರಲ್ಲಿ ಗೇರ್ ಇಳಿಸಿ, ಬರೀ ಬ್ರೇಕ್ ನಂಬಬೇಡಿ. ಸ್ಟಿಕ್ಕರ್ ಕೀಳಬೇಡಿ. ಬುಕಿಂಗ್ ಮೆಸೇಜ್ ಅಳಿಸಬೇಡಿ, ಯಾರಾದರೂ 'ರೂಮ್ ಇಲ್ಲ' ಅಂದರೆ ರೆಕಾರ್ಡ್ ಮಾಡಿ, 14566ಕ್ಕೆ ಫೋನ್ ಮಾಡಿ. ನಾನು ಮಾಡದೇ ಹೋದದ್ದನ್ನ ನೀವು ಮಾಡಿ. ಫೋಟೋ ತೆಗೆಯುವಾಗ ಮೊಬೈಲ್ ಸ್ವಲ್ಪ ಎಡಕ್ಕೂ ತಿರುಗಿಸಿ.

ಮೂಡಿಗೆರೆಯ ಆ ತಿರುವಿಗೆ ಇನ್ನೊಂದ್ಸಲ ಹೋಗಬೇಕು ಅಂತ ನಾಲ್ಕೂ ಜನ ಮಾತಾಡಿಕೊಂಡಿದ್ದೀವಿ. ಒಂದು ಭಾನುವಾರ, ಸಂತೆ ಮುಗಿದ ಮೇಲೆ ಆ ಅಮ್ಮ ಬರ್ತೀನಿ ಅಂದ್ರೆ, ಬೈಕ್ ಹಿಂದೆ ಕೂರಿಸಿಕೊಂಡು ವ್ಯೂ ಪಾಯಿಂಟ್‌ಗೆ. ಅಣ್ಣಾ, ನೀವೂ ಬನ್ನಿ. ಬುಲೆಟ್ ಹಿಂದಿನ ಸೀಟು ಖಾಲಿ ಇದೆ.

ಜೈ ಭೀಮ್.