ನಮ್ಮ ಕೆಲಸಗಾರರ ಹೊಟ್ಟೆಯ ಕಡೆಗೂ ಗಮನವಿರಲಿ



ಗಿರಾಕಿಯ ಹೊಟ್ಟೆಯ ಬಗ್ಗೆ ನಾವು ಹೋಟೆಲಿನವರು ದಿನವಿಡೀ ಯೋಚಿಸುತ್ತೇವೆ. ನಮ್ಮ ಭಟ್ಟರು, ಸಪ್ಲಾಯರ್, ಕ್ಲೀನರ್‌ಗಳ ಹೊಟ್ಟೆಯ ವಿಚಾರ ಮಾತ್ರ ಸಭೆಗಳಲ್ಲಿ ಎಂದೂ ಬರುವುದಿಲ್ಲ. ಮಲಬದ್ಧತೆ ಎಂದರಂತೂ ಎಲ್ಲರಿಗೂ ನಗು. ಆದರೆ ಇದು ನಗುವ ವಿಷಯವಲ್ಲ.

ಕೊಚ್ಚಿಯ ಎಂ.ಜಿ. ರಸ್ತೆಯಿರಲಿ, ತಿರುವನಂತಪುರದ ತಂಪಾನೂರಿರಲಿ, ನಮ್ಮ ದಿನಚರಿ ಒಂದೇ. ನಸುಕಿನಲ್ಲೇ ಒಲೆ ಹೊತ್ತಬೇಕು, ಬೆಳಕು ಹರಿಯುವಾಗ ಇಡ್ಲಿ ಇಳಿಯಬೇಕು. ಬೆಳಿಗ್ಗೆ ಎದ್ದು ಏನಾದರೂ ಹೊಟ್ಟೆಗೆ ಬಿದ್ದೊಡನೆ ದೊಡ್ಡ ಕರುಳು ಚುರುಕಾಗುವುದು ದೇಹದ ಸಹಜ ಕ್ರಮ. ಸರಿಯಾಗಿ ಆ ಹೊತ್ತಿಗೇ ನಮ್ಮಲ್ಲಿ ರಶ್. ಹುಡುಗ ತಡೆದುಕೊಳ್ಳುತ್ತಾನೆ. ತಡೆದಷ್ಟೂ ಕರುಳು ನೀರನ್ನು ಹೀರಿಕೊಂಡು ಮಲ ಗಟ್ಟಿಯಾಗುತ್ತದೆ; ಇದೇ ಅಭ್ಯಾಸವಾದರೆ ಕ್ರಮೇಣ ಹೋಗಬೇಕೆಂಬ ಸೂಚನೆಯೇ ಮಂಕಾಗುತ್ತದೆ. ಮೇಲಿಂದ ಒಲೆಯ ಬೆವರು, ಉಳಿದ ಪೂರಿ, ಪರೋಟ, ಬಿಳಿ ಅನ್ನ, ಲೆಕ್ಕವಿಲ್ಲದ ಚಹಾ. ವಾರಕ್ಕೆ ಮೂರು ಸಲಕ್ಕಿಂತ ಕಡಿಮೆ ಹೋಗುವುದು, ಮುಕ್ಕುವುದು, ಪೂರ್ತಿಯಾಗಲಿಲ್ಲ ಎನಿಸುವುದು ತಿಂಗಳುಗಟ್ಟಲೆ ಮುಂದುವರಿದರೆ ಅದು ಕಾಯಿಲೆಯೇ.

ಇದಕ್ಕೂ ಮನಸ್ಸಿಗೂ ಏನು ಸಂಬಂಧ? ಕರುಳಿಗೆ ತನ್ನದೇ ಆದ ನರಜಾಲವಿದೆ; ವೇಗಸ್ ನರದ ಮೂಲಕ ಅದು ಮಿದುಳಿನೊಂದಿಗೆ ಸದಾ ಸಂಪರ್ಕದಲ್ಲಿರುತ್ತದೆ. ದೇಹದ ಸೆರೊಟೋನಿನ್‌ನಲ್ಲಿ ಸುಮಾರು ಶೇ. 90 ತಯಾರಾಗುವುದು ಕರುಳಿನಲ್ಲೇ, ಕರುಳಿನ ಚಲನೆಗೆ ಅದು ಬೇಕು. ದೀರ್ಘಕಾಲದ ಮಲಬದ್ಧತೆ ಇರುವವರಲ್ಲಿ ಆತಂಕ, ಖಿನ್ನತೆ ಹೆಚ್ಚು ಎಂಬುದು ವೈದ್ಯರು ಬಲ್ಲ ಸಂಗತಿ. ಖಿನ್ನತೆಯೂ, ಅದರ ಕೆಲವು ಔಷಧಿಗಳೂ ಮಲಬದ್ಧತೆ ತರಬಲ್ಲವು. ಒಂದು ಇನ್ನೊಂದನ್ನು ಬೆಳೆಸುತ್ತದೆ.

ನಮ್ಮ ಕಣ್ಣಿಗೆ ಬೀಳುವುದು ಅದರ ಫಲ ಮಾತ್ರ. ಕುಂದಾಪುರದಿಂದಲೋ ಒಡಿಶಾದಿಂದಲೋ ಬಂದು ಚುರುಕಾಗಿದ್ದ ಹುಡುಗ ಸಿಡುಕತೊಡಗುತ್ತಾನೆ, ಊಟ ಬಿಡುತ್ತಾನೆ, "ಊರಿಗೆ ಹೋಗುತ್ತೇನೆ ಧಣಿ" ಎನ್ನುತ್ತಾನೆ. ನಾವು ಸೋಮಾರಿ ಎಂದುಬಿಡುತ್ತೇವೆ.

ಕಲ್ಲಿಕೋಟೆಯ ಬಟ್ಟೆ ಅಂಗಡಿಗಳ ಮಹಿಳೆಯರನ್ನು ನೆನಪಿಸಿಕೊಳ್ಳಿ. ಶೌಚಾಲಯಕ್ಕೆ ಹೋಗಲು ಅವಕಾಶವಿಲ್ಲದೆ ಅವರು ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರು. ಅವರ ಹೋರಾಟದ ಫಲವಾಗಿ 2018ರಲ್ಲಿ ಕೇರಳದ ಕಾನೂನಿಗೆ ತಿದ್ದುಪಡಿಯಾಗಿ, ಅಂಗಡಿ ಕೆಲಸಗಾರರಿಗೆ ಕುಳಿತುಕೊಳ್ಳುವ ಹಕ್ಕು ಸಿಕ್ಕಿತು. ಕಾನೂನು ಬಂದು ಹೇಳುವವರೆಗೆ ನಾವು ಕಾಯಬೇಕೇ?

ರಶ್ ಹೊತ್ತಿನಲ್ಲಿ ಒಬ್ಬನನ್ನು ಬಿಟ್ಟರೆ ಕೌಂಟರ್ ನಿಲ್ಲುತ್ತದೆ ಎಂಬ ವಾದವಿದೆ. ಸರದಿ ಹಾಕಿ ಹದಿನೈದು ನಿಮಿಷ ಬಿಟ್ಟರೆ ಏನೂ ನಿಲ್ಲುವುದಿಲ್ಲ. ನುರಿತ ಭಟ್ಟರು ಬಿಟ್ಟುಹೋದರೆ ನಿಲ್ಲುತ್ತದೆ. ಕೆಲಸಗಾರರ ಶೌಚಾಲಯಕ್ಕೆ ಚಿಲಕ, ನೀರು, ಬೆಳಕು ಇರಲಿ. ದಿನಕ್ಕೆ ಕನಿಷ್ಠ 25 ಗ್ರಾಂ ನಾರಿನಂಶ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಕುಚ್ಚಲಕ್ಕಿ ಗಂಜಿ, ಹೆಸರುಕಾಳು, ಬಸಳೆ, ಹರಿವೆ ನಮ್ಮ ಊರಿನದೇ ಊಟ. ಪುಟ್ಟು-ಕಡಲೆ, ತೋರನ್ ಇಲ್ಲಿಯದು. ಯಾವುದೂ ದುಬಾರಿಯಲ್ಲ. ನಾರನ್ನು ಒಮ್ಮೆಲೇ ಹೆಚ್ಚಿಸದೆ, ನೀರಿನೊಂದಿಗೆ ನಿಧಾನವಾಗಿ ಹೆಚ್ಚಿಸಬೇಕು. ರಕ್ತ ಕಂಡರೆ, ತೂಕ ಇಳಿದರೆ, ನಡುವಯಸ್ಸಿನಲ್ಲಿ ಹೊಸದಾಗಿ ಶುರುವಾದರೆ ಅಂಗಡಿಯ ಜುಲಾಬು ಮಾತ್ರೆಗೆ ಬಿಡದೆ ವೈದ್ಯರಲ್ಲಿಗೆ ಕಳುಹಿಸಿ.

ಮನಸ್ಸು ಕುಗ್ಗಿದವರಿಗಾಗಿ 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416 ಇದೆ. ಕರೆ ಉಚಿತ, ಹಗಲು ರಾತ್ರಿ ಲಭ್ಯ, ಕನ್ನಡದಲ್ಲೂ ಮಾತನಾಡಬಹುದು. ಈ ಸಂಖ್ಯೆಯನ್ನು ಅಡುಗೆಮನೆಯ ಗೋಡೆಯ ಮೇಲೆ ಬರೆಸಿ.

ಊರು ಬಿಟ್ಟು ನಮ್ಮನ್ನು ನಂಬಿ ಬಂದವರಿಗೆ ಇಷ್ಟನ್ನಾದರೂ ಮಾಡೋಣ. ಮುಂದಿನ ಸಭೆಯಲ್ಲಿ ನಗದೆ ಈ ವಿಷಯ ಚರ್ಚಿಸಬೇಕೆಂದು ನನ್ನ ವಿನಂತಿ.