ಒತ್ತಿದರೆ ‘ಕ್ಲಿಕ್’ ಎನ್ನಬೇಕು

ಕಳೆದ ಮಾರ್ಚಿಯಲ್ಲಿ ಕುಂದಾಪುರದ ಕಡೆಯಿಂದ ನಮ್ಮ ದೊಡ್ಡಪ್ಪನವರ ಫೋನು ಬಂದಿತು. “ಮಳೆಗಾಲದೊಳಗೆ ಹಳೆಯ ಮನೆ ಕೆಡಹುತ್ತಾರಂತೆ. ಅಷ್ಟರೊಳಗೆ ನನಗೊಂದು ಸಣ್ಣ ಕ್ಯಾಮರಾ ಕಳಿಸು ಮಾರಾಯ. ಐದು ಸಾವಿರಕ್ಕಿಂತ ಹೆಚ್ಚಿನದು ಬೇಡ.”

ಕೈಯಲ್ಲಿ ಫೋನಿರುವಾಗ ಕ್ಯಾಮರಾ ಏಕೆಂದು ವಾಚಕರು ಕೇಳಬಹುದು, ನಾವೂ ಕೇಳಿದೆವು. ದೊಡ್ಡಪ್ಪನವರಿಗೆ ಎಪ್ಪತ್ತೆಂಟು, ಕೈ ನಡುಗುತ್ತದೆ. ಫೋನಿನ ಗಾಜಿನ ಮೇಲೆ ಒಂದು ಕಡೆ ಬೆರಳಿಟ್ಟರೆ ಮತ್ತೊಂದೇನೋ ತೆರೆದುಕೊಳ್ಳುತ್ತದೆ. “ಒತ್ತಿದರೆ ಕ್ಲಿಕ್ ಎನ್ನುವ ಗುಂಡಿ ಬೇಕು” ಎಂದರು.

ಆ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ತೀರಿಹೋದ ನಮ್ಮ ತಂದೆಯವರ ಬಾಲ್ಯದ್ದೆಂದು ನಮ್ಮಲ್ಲಿರುವುದು ಒಂದೇ ಒಂದು ಚಿತ್ರ. ಬಡೋದೆಯಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ 3ರಲ್ಲಿ, ರೋಲಿಗೆ ಹನ್ನೆರಡೇ ಚಿತ್ರಗಳೆಂದು ಲೆಕ್ಕ ಹಾಕಿ, ತಮ್ಮನನ್ನು ಜಗಲಿಯ ಮೂಲೆಯಲ್ಲಿ ಕೂರಿಸಿ ದೊಡ್ಡಪ್ಪನವರೇ ತೆಗೆದದ್ದು.

ಕಚೇರಿಯ ಊಟದ ಬಿಡುವಿನಲ್ಲಿ ಫೋರ್ಟಿನ ಬೋರಾ ಬಜಾರಿನ ಕ್ಯಾಮರಾ ಅಂಗಡಿಗಳಿಗೆ ಹೋದೆವು. ಹೊಸದರ ಬೆಲೆ ಕೇಳಿ ನಮ್ಮ ಜೇಬು ತಾನಾಗಿಯೇ ಮುಚ್ಚಿಕೊಂಡಿತು. ಫೋನಿನಲ್ಲೇ ಕ್ಯಾಮರಾ ಬಂದ ಮೇಲೆ ಕಂಪನಿಗಳು ಅಗ್ಗದ ಮಾದರಿಗಳನ್ನು ಬಹುಮಟ್ಟಿಗೆ ನಿಲ್ಲಿಸಿಬಿಟ್ಟಿವೆ. ಉಳಿದದ್ದು ಸೆಕೆಂಡ್ ಹ್ಯಾಂಡ್ ಮಾಲು.

“ಇಪ್ಪತ್ತು ಮೆಗಾಪಿಕ್ಸೆಲ್, ಸಾಬ್!” ಎಂದ ಅಂಗಡಿಯವನು. ನಾವು ಗುಮಾಸ್ತರು, ಲೆಕ್ಕ ಬಿಡುವವರಲ್ಲ. ಆಲ್ಬಮ್ಮಿನ 4 × 6 ಅಂಗುಲದ ಚಿತ್ರಕ್ಕೆ ಅಂಗುಲಕ್ಕೆ 300 ಚುಕ್ಕೆಯಂತೆ ಹಿಡಿದರೂ 1200ನ್ನು 1800ರಿಂದ ಗುಣಿಸಿ 21 ಲಕ್ಷ 60 ಸಾವಿರ. ಎರಡೂಕಾಲು ಮೆಗಾಪಿಕ್ಸೆಲಿನೊಳಗೇ ಕೆಲಸ ಮುಗಿಯಿತು! ನಡುಗುವ ಕೈಗೆ ಬೇಕಾದದ್ದು ದೊಡ್ಡ ಅಂಕಿಯಲ್ಲ, ಅಲುಗಾಟವನ್ನು ಸರಿದೂಗಿಸುವ ಮಸೂರ.

ಮೂರನೆಯ ಅಂಗಡಿಯಲ್ಲಿ ಅದು ಸಿಕ್ಕಿತು: ಕೆನಾನ್ ಪವರ್‌ಶಾಟ್ ಎ590 ಐಎಸ್, 2008ರ ಮಾದರಿ, 8 ಮೆಗಾಪಿಕ್ಸೆಲ್. ಹೆಸರಿನ ಕೊನೆಯ ‘ಐಎಸ್’ ಎಂಬುದೇ ಅಲುಗಾಟ ತಡೆಯುವ ಏರ್ಪಾಟಿನ ಗುರುತು. ಕಣ್ಣಿಟ್ಟು ನೋಡುವ ಕಿಂಡಿಯೂ ಇದೆ. ಕ್ಯಾಮರಾವನ್ನು ಹುಬ್ಬಿಗೆ ಆನಿಸಿಕೊಂಡರೆ ನಡುಕ ಇನ್ನಷ್ಟು ತಗ್ಗುತ್ತದೆ. ನಡೆಯುವುದು ಎರಡು ಪೆನ್ಸಿಲ್ ಸೆಲ್ಲಿನಲ್ಲಿ. ಅದು ಹಳ್ಳಿಯ ಅಂಗಡಿಯಲ್ಲೂ ದೊರೆಯುತ್ತದೆ.

ಹಳೆಯದನ್ನು ಕೊಳ್ಳುವವರು ಅಂಗಡಿಯಲ್ಲೇ ನಾಲ್ಕು ಪರೀಕ್ಷೆ ಮಾಡಬೇಕು. ಮಸೂರ ಕರಕರ ಸದ್ದಿಲ್ಲದೆ ಹೊರಬಂದು ಒಳಹೋಗಬೇಕು. ಬಿಳಿಯ ಗೋಡೆಯ ಚಿತ್ರ ತೆಗೆದರೆ ಕಪ್ಪು ಕಲೆ ಕಾಣಬಾರದು. ಸೆಲ್ಲಿನ ಗೂಡಿನಲ್ಲಿ ಕಿಲುಬಿರಬಾರದು. ನಾವು ಒಯ್ದ ಕಾರ್ಡನ್ನು ಅದು ಓದಬೇಕು. ತೀರ ಹಳೆಯ ಕ್ಯಾಮರಾಗಳಿಗೆ 2 ಜಿಬಿಗಿಂತ ದೊಡ್ಡದು ಹಿಡಿಸದು.

ಮೇ ಕೊನೆಯಲ್ಲಿ ಅಂಚೆಯಲ್ಲಿ ಹನ್ನೊಂದು ಚಿತ್ರಗಳು ಬಂದವು. ಚಾವಡಿ, ಬಾವಿಕಟ್ಟೆ, ಅಟ್ಟದ ಏಣಿ. ಕೊನೆಯದು ಜಗಲಿಯ ಅದೇ ಮೂಲೆ. ಅಲ್ಲಿ ಯಾರೂ ಕುಳಿತಿಲ್ಲ. ಆದರೆ ಕಂಬದ ಕೆತ್ತನೆ ಕೂಡ ಅಲುಗದೆ ಮೂಡಿದೆ. ತಂದೆಯವರ ಚಿತ್ರದ ಪಕ್ಕದಲ್ಲಿ ಅದನ್ನು ಅಂಟಿಸಿದ್ದೇವೆ. ಜೂನ್ ಮೊದಲ ವಾರದಲ್ಲಿ ಮನೆ ಹೋಯಿತು.

ಊರಿನಲ್ಲಿ ಹಳೆಯ ಮನೆ, ಮನೆಯಲ್ಲಿ ಹಿರಿಯರು ಉಳಿದಿರುವ ಬಂಧುಗಳಿಗೆ ನಮ್ಮದೊಂದೇ ಮಾತು: ಕ್ಯಾಮರಾ ಹಿಡಿಯುವ ಕೈಯನ್ನು ಮೊದಲು ನೋಡಿರಿ, ಪೆಟ್ಟಿಗೆಯ ಮೇಲಿನ ಅಂಕಿಯನ್ನು ಆಮೇಲೆ. ತಡ ಮಾತ್ರ ಮಾಡಬೇಡಿರಿ.