ಹೆಚ್ಚು ವೇಗದ ಏರ್ ರೈಫಲ್ಲೇ ಒಳ್ಳೆಯದಾ?

‘ಶೂಟಿಂಗ್ ಕಲಿಯೋರು ಸೆಕೆಂಡಿಗೆ 1000 ಅಡಿ ವೇಗದ ಏರ್ ರೈಫಲ್ಲನ್ನೇ ಕೊಳ್ಳಿ, ಲೈಸೆನ್ಸೂ ಬೇಕಿಲ್ಲ’ ಎಂಬ ಸಲಹೆ ನಿಮಗೂ ಬಂದಿರಬಹುದು. ನಿಜವೇನು ನೋಡೋಣ.

2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ 10 ಮೀಟರ್ ಸ್ಪರ್ಧೆಯನ್ನೇ ತೆಗೆದುಕೊಳ್ಳಿ. ಅಲ್ಲಿ ಬಳಸುವ ರೈಫಲ್‌ನಿಂದ 4.5 ಮಿ.ಮೀ. ಪೆಲೆಟ್ ಹೊರಡುವುದು ಸೆಕೆಂಡಿಗೆ ಸುಮಾರು 170 ಮೀಟರ್, ಅಂದರೆ 560 ಅಡಿ ವೇಗದಲ್ಲಿ ಅಷ್ಟೇ. ಗುರಿಯ ನಡುವಿನ ಹತ್ತು ಅಂಕದ ಚುಕ್ಕೆಯ ಅಗಲವೋ, ಅರ್ಧ ಮಿ.ಮೀ.!

ಹಾಗಾದರೆ ವೇಗ ಹೆಚ್ಚಿದ್ದರೆ ನಷ್ಟವೇನು? ಸ್ಪ್ರಿಂಗ್ ರೈಫಲ್‌ನಲ್ಲಿ ಪೆಲೆಟ್ ನಳಿಗೆ ದಾಟುವ ಮೊದಲೇ ಒಳಗಿನ ಪಿಸ್ಟನ್ ಮುನ್ನುಗ್ಗಿ ಕೋವಿಯನ್ನು ಅಲುಗಾಡಿಸುತ್ತದೆ. ಸ್ಪ್ರಿಂಗ್ ಬಿರುಸಾದಷ್ಟೂ ಈ ಅಲುಗಾಟ ಜಾಸ್ತಿ. ಗುರಿ ತಪ್ಪಿದ್ದು ತಮ್ಮಿಂದಲೋ ರೈಫಲ್‌ನಿಂದಲೋ ಎಂಬುದೇ ಹೊಸಬರಿಗೆ ತಿಳಿಯುವುದಿಲ್ಲ. ನಮ್ಮ ಪ್ರಕಾರ, ಹಿಡಿ ಭುಜಕ್ಕೆ ಸರಿಹೊಂದುವ, ತೂಕ ತಾಳಿಕೊಳ್ಳಬಹುದಾದ, ಕಡಿಮೆ ಬಲದ ರೈಫಲ್ ಸಾಕು. ಅದನ್ನೂ ಕ್ಲಬ್ಬಿನ ರೈಫಲ್‌ನಲ್ಲಿ ಕೆಲವು ವಾರ ಕಲಿತ ಮೇಲೆ ಕೊಳ್ಳಿ.

ಲೈಸೆನ್ಸ್ ಮಾತು ಅರ್ಧ ಸತ್ಯ. ವಿನಾಯಿತಿ ಇರುವುದು 4.5 ಮಿ.ಮೀ. ನಳಿಗೆ, 20 ಜೂಲ್ ಶಕ್ತಿಯ ಮಿತಿಯೊಳಗಿನವಕ್ಕೆ. ಅವೂ ಆಟಿಕೆಗಳಲ್ಲ, ಪೆಲೆಟ್ ತಗುಲಿದರೆ ಕಣ್ಣೇ ಹೋಗಬಹುದು.